ಹುಳ ಸಾಕಿದ ಬಡಗಿ

ಬಡಗಿ ಬೈರಯ್ಯನವರಿಗೆ ಎದುರಿಗಿರುವ ವಸ್ತುವನ್ನು ಬೆರಳಿನಿಂದ ಎರಡು ಸಲ ತಟ್ಟದೆ ಮಾತೇ ಹೊರಡುವುದಿಲ್ಲ. ನಮ್ಮ ಪುಸ್ತಕದ ಬೀರು ರಿಪೇರಿಗೆ ಬಂದ ದಿನ, ನನ್ನ ನಮಸ್ಕಾರಕ್ಕೆ ಉತ್ತರಿಸುವ ಮೊದಲೇ ಬಾಗಿಲ ಚೌಕಟ್ಟನ್ನು ತಟ್ಟಿ, ತಲೆ ವಾಲಿಸಿ ಆಲಿಸಿ, "ಒಳಗೆ ಟೊಳ್ಳಾಗಿದೆ ಸಾರ್" ಎಂದು ಸಾವಿನ ಸುದ್ದಿ ತಂದವರಂತೆ ಗಂಭೀರವಾಗಿ ಹೇಳಿದ್ದರು. ಕಾಮಾಕ್ಷಿಪಾಳ್ಯದ ಒಂದೇ ಶೆಡ್ಡಿನಲ್ಲಿ ನಲವತ್ತು ವರ್ಷ ದುಡಿದವರು. ಮರ ಕೊರೆಯುವ ಹುಳದ ತೂತಿಗೆ ಸಿರಿಂಜಿನಿಂದ ಸೀಮೆಎಣ್ಣೆ ಬಿಟ್ಟು ಕೊಲ್ಲುವುದರಲ್ಲಿ ಅವರದು ಎತ್ತಿದ ಕೈ.

ಅಂಥವರು ಎರಡು ವರ್ಷದ ಹಿಂದೆ ಕೊಳೆತ ಮಾವಿನ ದಿಮ್ಮಿಯೊಂದನ್ನು ಸೀಳುವಾಗ ಹೆಬ್ಬೆರಳು ಗಾತ್ರದ ಎರಡು ಬಿಳಿ ಹುಳಗಳು ಸಿಕ್ಕವು. ಒಂದು ಉಳಿಗೆ ತುಂಡಾಯಿತು. ಇನ್ನೊಂದು ಅವರ ಅಂಗೈಯಲ್ಲಿ ಮುದುಡಿ ಮಲಗಿತು. "ಅದೂ ಮರ ನಂಬ್ಕೊಂಡೇ ಬದುಕೋದು ಸಾರ್, ನಾನೂ ಅಷ್ಟೇ" ಎಂದು ಆಮೇಲೆ ನನಗೆ ಹೇಳಿದರು. ಅಂಗಡಿಯವರು ಬಿಸ್ಕತ್ತು ತುಂಬಿಡುವ ಪಾರದರ್ಶಕ ಡಬ್ಬದಲ್ಲಿ ಕೊಳೆತ ಮರದ ಪುಡಿ ಹಾಕಿ ಅದನ್ನು ಸಾಕತೊಡಗಿದರು. ಹಿಂಡಿದರೆ ಪುಡಿ ಉಂಡೆಯಾಗಬೇಕು, ನೀರು ಮಾತ್ರ ತೊಟ್ಟಿಕ್ಕಬಾರದು, ಅಷ್ಟೇ ತೇವ.

"ಮಾವ, ರಾಗಿಹಿಟ್ಟಿನ ಜರಡಿ ಕಾಣ್ತಿಲ್ಲ. ನಿಮ್ಮ ಹುಳದ ಸೇವೆಗೆ ಹೋಯ್ತಾ?" ಎಂದು ಸೊಸೆ ಕುಸುಮಾ ರೇಗಿಸಿದರೆ, ಪೇಟೆಯಿಂದ ಹೊಸ ಜರಡಿ ತಂದುಕೊಟ್ಟರು.

ಈ ಬೇಸಿಗೆಯಲ್ಲಿ ಹುಳ ತಿನ್ನುವುದನ್ನು ನಿಲ್ಲಿಸಿ, ಡಬ್ಬದ ಗೋಡೆಗೆ ಒತ್ತಿಕೊಂಡು ಮೊಟ್ಟೆಯಾಕಾರದ ಗೂಡು ಕಟ್ಟಿ, ಒಳಗೆ ಕೋಶವಾಗಿ ಮಲಗಿತು. ದುಂಬಿಯಾಗಿ ಎದ್ದು ಬರುವವರೆಗೆ ಡಬ್ಬ ಅಲುಗಬಾರದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದವರು ಅವರೇ. ಆದರೆ ಮೂರು ವಾರ ಅದು ಮಿಸುಕದಿದ್ದುದನ್ನು ಕಂಡು ಅವರಿಗೆ ಜೀವ ತಡೆಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಡಬ್ಬವನ್ನು ತಟ್ಟಿದರು, ಉತ್ತರ ಬಾರದಿದ್ದಾಗ ಇನ್ನಷ್ಟು ಜೋರಾಗಿ ತಟ್ಟಿದರು. ಅವರ ಕಣ್ಣೆದುರೇ ಗೂಡು ಕೋಶದ ಮೇಲೆ ಕುಸಿಯಿತು.

ಆ ಮಧ್ಯಾಹ್ನ ನಾನು ಶೆಡ್ಡಿಗೆ ಹೋದಾಗ ಬೈರಯ್ಯನವರು ಮೆತ್ತಗಾದ ಮಾವಿನ ಮರದ ತುಂಡೊಂದರಲ್ಲಿ ಕುಸಿದ ಗೂಡಿನದೇ ಅಳತೆಯ ಗುಳಿ ಕೆತ್ತಿ, ಉಜ್ಜುಕಾಗದದಿಂದ ನುಣುಪಾಗಿಸುತ್ತಿದ್ದರು. ಕೋಶವನ್ನು ಚಮಚದಲ್ಲೆತ್ತಿ ಅದರಲ್ಲಿ ಮಲಗಿಸಿದರು. "ನಲವತ್ತು ವರ್ಷ ಮಂಚ ಮಾಡಿದೀನಿ ಸಾರ್, ಯಾವತ್ತೂ ಇಷ್ಟು ಹೆದರಿರ್ಲಿಲ್ಲ" ಎಂದರು.

ಹನ್ನೆರಡು ದಿನದ ಮೇಲೆ ದುಂಬಿ ಹೊರಬಂತು. ಬಲರೆಕ್ಕೆ ಸೊಟ್ಟಗಿತ್ತು.

"ಬದುಕಿದೆಯಲ್ಲ ಮಾವ, ಸಾಕು ಬಿಡಿ" ಎಂದಳು ಕುಸುಮಾ. ಈ ಸಲ ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಬದುಕಿದೆ ಕಣಮ್ಮ. ಹಾರೋದನ್ನ ನಾನು ಕಿತ್ಕೊಂಡೆ."

ಅದು ಬದುಕಿದ್ದ ನಾಲ್ಕು ತಿಂಗಳೂ ದಿನಕ್ಕೊಂದು ಚೂರು ಬಾಳೆಹಣ್ಣು ಕೊಟ್ಟರು. ಕಿಟಕಿಯ ಜಾಲರಿ ಹತ್ತಿ ಅದು ರೆಕ್ಕೆ ಬಿಚ್ಚಿದಾಗಲೆಲ್ಲ ಕೆಳಗೆ ಅಂಗೈ ಒಡ್ಡಿ ನಿಲ್ಲುತ್ತಿದ್ದರು. ಅದು ಪ್ರತಿ ಸಲವೂ ಬೀಳುತ್ತಿತ್ತು.

ಇಂಥವರನ್ನು ಲೋಕ ಮರುಳರೆಂದು ನಕ್ಕು ಮರೆಯುತ್ತದೆ. ಅಕ್ಕರೆಯಿಂದಲೇ ಆದ ಅಪರಾಧಕ್ಕೆ ನಾವೆಲ್ಲ ಒಂದು ನೆಪ ಹುಡುಕಿ, ನೊಂದವರ ಕಣ್ಣು ತಪ್ಪಿಸಿ ಓಡಾಡುತ್ತೇವೆ. ಕ್ಷಮಿಸಲು ಬಾಯಿಯೂ ಇಲ್ಲದ ಜೀವದ ಮುಂದೆ ದಿನವೂ ಹೋಗಿ ನಿಲ್ಲುವ ಧೈರ್ಯ ಇರುವುದು ಇಂಥ ಕೆಲವರಿಗೆ ಮಾತ್ರ. ನನಗಂತೂ ಇಲ್ಲ.