ಮೆಣಸಿನಕಾಯಿ ಚೀಲದೊಳಗಿನ ಚೀಟಿ

ಪ್ರೇಮಕುಮಾರ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರೆ ಮೋಟೆಬೆನ್ನೂರಿನ ಹೈವೇ ಮೇಲೆ ಲಾರಿಗಳು ಬ್ರೇಕ್ ಹಾಕುತ್ತಿದ್ದವು. ಇದರಲ್ಲಿ ಎಳ್ಳಿನಷ್ಟೂ ಸುಳ್ಳಿಲ್ಲ. ಬೇಕಿದ್ದವರು ಆ ಡ್ರೈವರುಗಳನ್ನೇ ಕೇಳಬಹುದು, ಸಿಕ್ಕರೆ. ರಾಣೆಬೆನ್ನೂರಿನ ಈ ಕನ್ನಡ ಮಾಸ್ತರ ಇಪ್ಪತ್ತು ವರ್ಷಗಳಿಂದ ಶಾಲೆ ಮಕ್ಕಳಿಗೆ ಬರೆಯುವ, ಮಾತಾಡುವ ಶಿಬಿರ ನಡೆಸುತ್ತ ಬಂದಿದ್ದ. ಬರುವಾಗ ಹೆಸರು ಕೇಳಿದರೆ ಉಗುರು ಕಚ್ಚುತ್ತಿದ್ದ ಮಕ್ಕಳು, ಹೋಗುವಾಗ ಬಸ್ ಕಂಡಕ್ಟರನಿಗೇ ಭಾಷಣ ಬಿಗಿದು ಅರ್ಧ ಟಿಕೆಟ್ಟಿನಲ್ಲಿ ಊರು ಸೇರುತ್ತಿದ್ದರು.

ಈ ಸಲ ಮೂರು ದಿನ, ಮೂರು ಊರು. ಮೊದಲ ದಿನ ಹಾವೇರಿಯಲ್ಲಿ ಬಿದ್ದ ಚಪ್ಪಾಳೆಯ ಗಾಳಿಗೆ ಕರೆಂಟಿಲ್ಲದೆ ನಿಂತಿದ್ದ ಫ್ಯಾನು ನಾಲ್ಕು ಸುತ್ತು ತಿರುಗಿತು. ಎರಡನೆಯ ದಿನ ರಾಣೆಬೆನ್ನೂರಿನಲ್ಲಿ ಊಟದ ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಅನ್ನ ಬಡಿಸಬೇಕಾದವರೇ ಬಂದು ಕುಳಿತರು. ಮೂರನೆಯ ದಿನ ಬ್ಯಾಡಗಿ.

ಬ್ಯಾಡಗಿಯ ಹೈಸ್ಕೂಲಿನ ಗೇಟಿನಲ್ಲೇ ಹೆಡ್‌ಮಾಸ್ತರ ಮೈಲಾರೆಪ್ಪ ಕೈ ಹಿಡಿದುಕೊಂಡರು. "ಬರ್ರಿ ಬರ್ರಿ ಸರ್. ಈ ಶಿಬಿರ ಜಿಲ್ಲಾದಾಗಿನ ನಲವತ್ತು ಸಾಲಿಗೆ ಒಯ್ಯಬೇಕಂತ ಹಾವೇರಿಯಾಗ ಮಾತು ನಡದೈತ್ರಿ. ಇವತ್ತಿನ ವರದಿ ಬರಿಯಾಂವ ನಾನ. ಜಮಾಯ್ಸಿಬಿಡ್ರಿ!"

ನಲವತ್ತು ಶಾಲೆ! ಪ್ರೇಮಕುಮಾರನ ಎದೆ ಉಬ್ಬಿ ಅಂಗಿಯ ಎರಡನೆಯ ಗುಂಡಿ ಹಾರಿಹೋಗಿ ಕಾಂಪೌಂಡಿನಾಚೆ ಬಿತ್ತು.

ಬ್ಯಾಡಗಿಗೆಂದೇ ಅವನು ಕಾದಿಟ್ಟಿದ್ದ ಪಾಠದ ಹೆಸರು 'ನನ್ನ ಮೂರ್ಖತನ'. ಎಲ್ಲರೂ ತಾವು ಮಾಡಿದ ಒಂದು ಮೂರ್ಖತನವನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆಯಬೇಕು. ಚೀಟಿಗಳೆಲ್ಲ ಒಂದು ಚೀಲಕ್ಕೆ. ಆಮೇಲೆ ಒಬ್ಬೊಬ್ಬರೇ ಬಂದು ಕೈಗೆ ಸಿಕ್ಕಿದ್ದನ್ನು ಎತ್ತಿ, ಎದೆಯೆತ್ತಿ ಓದಬೇಕು. ಬರೆದವರು ತಾವೆಂದು ಒಪ್ಪಿಕೊಳ್ಳಲೇಬೇಕೆಂಬ ನಿಯಮವಿಲ್ಲ.

"ಮನುಷ್ಯಾ ತನ್ನ ಶಾಣ್ಯಾತನ ಬರಿಯಾಕ ಕುಂತ್ರ ಸುಳ್ಳು ಬರೀತಾನ. ದಡ್ಡತನ ಬರಿಯಾಕ ಕುಂತ್ರ ಅಷ್ಟ ಖರೇ ಬರೀತಾನ," ಎಂದು ಅವನು ಶುರುಮಾಡಿದ. ತನ್ನ ಮೂರ್ಖತನವನ್ನೂ ಹೇಳಿದ: ಒಮ್ಮೆ ಮೈಕ್ ಬಂದ್ ಆಗಿದ್ದು ಗೊತ್ತಾಗದೆ ನಲವತ್ತು ನಿಮಿಷ ಭಾಷಣ ಮಾಡಿದ್ದನಂತೆ, ಆದರೂ ಮೂರು ಸಾವಿರ ಜನ ಒಂದು ಶಬ್ದ ಬಿಡದೆ ಕೇಳಿಸಿಕೊಂಡಿದ್ದರಂತೆ. ಕಳೆದ ಸಲ ಹೇಳಿದಾಗ ಎರಡು ಸಾವಿರವಿತ್ತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಂಬತ್ತನೆಯ ತರಗತಿಯ ದುರ್ಗಾ ಮಾತ್ರ ನಗಲಿಲ್ಲ. ಎದ್ದು ನಿಂತಳು.

"ಸರ್, ಅದು ಮೂರ್ಖತನ ಅಲ್ಲ ಬಿಡ್ರಿ. ಅದು ನಿಮ್ಮ ಹೆಚ್ಚುಗಾರಿಕಿ. ನಮ್ಮ ಕೂಡ ಕುಂತು ಖರೇದ್ದು ಒಂದು ಬರೀರಿ ನೋಡೋಣ."

"ಬರೀರಿ ಸರ್! ಬರೀರಿ ಸರ್!" ಎಂದು ಎಂಬತ್ತು ಗಂಟಲು ಎದ್ದವು.

ಹಿಂದೆ ಸರಿದರೆ ಅವನು ಪ್ರೇಮಕುಮಾರನೇ? ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಪೆನ್ನು ತೆಗೆದ. ದುರ್ಗಾ ಓರೆಗಣ್ಣಿನಿಂದ ನೋಡುತ್ತಿದ್ದಳು. ಸುಳ್ಳೊಂದನ್ನು ಕಟ್ಟಿ ಬಿಸಾಕಬಹುದಿತ್ತು. ಅವನ ಬಳಿ ಅಂಥವು ಒಂದು ಗೋದಾಮಿನಷ್ಟಿದ್ದವು. ಆದರೆ ಆ ಹುಡುಗಿಯ ಮಾತು ಎಲ್ಲಿ ತಾಗಿತೋ, ಕೈ ತನ್ನಷ್ಟಕ್ಕೆ ಓಡಿತು:

'ಹದಿನಾರು ವರ್ಷದ ಹಿಂದೆ ರಾಣೆಬೆನ್ನೂರಿನ ಪ್ರಬಂಧ ಸ್ಪರ್ಧೆಗೆ ನಾನು ತೀರ್ಪುಗಾರ. ಎಂಟನೆಯ ತರಗತಿಯ ಹುಡುಗಿಯೊಬ್ಬಳ ಬರಹ ಬಹಳ ಚೆನ್ನಾಗಿತ್ತು. ಹಳ್ಳಿ ಹುಡುಗಿ ಇಷ್ಟು ಚೆನ್ನಾಗಿ ಬರೆಯಲಾರಳು, ಕದ್ದಿದ್ದಾಳೆ ಎಂದು ಎಲ್ಲರೆದುರು ಹರಿದು ಹಾಕಿದೆ. ವಾರದ ಮೇಲೆ ಅವಳ ಮಾಸ್ತರರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಅವಳು ತಮ್ಮ ಕಣ್ಣೆದುರೇ ಕುಳಿತು ಬರೆದದ್ದು ಅದು ಎಂದರು. ನೋಡೋಣ ಬಿಡ್ರಿ ಎಂದು ಹಾವೇರಿ ಬಸ್ ಹತ್ತಿದೆ.'

ಮಡಚಿ ಚೀಲಕ್ಕೆ ಹಾಕಿದ. ಮೈ ಹಗುರಾದಂತಾಯಿತು. ಆ ಹಗುರ ಸರಿಯಾಗಿ ಒಂದೂವರೆ ನಿಮಿಷ ಇತ್ತು.

ಅಷ್ಟರಲ್ಲಿ ಚಹಾದ ಕೆಟಲ್ ಹಿಡಿದ ಆಯಾಳ ಹಿಂದೆಯೇ ಒಬ್ಬ ಶಿಕ್ಷಕಿ ಒಳಗೆ ಬಂದಳು. ತೆಳ್ಳಗೆ, ಮೂವತ್ತರ ಆಸುಪಾಸು, ತಲೆಯ ಮೇಲೆ ಕಡುನೀಲಿ ದುಪಟ್ಟಾ. ಮೈಲಾರೆಪ್ಪ ಪರಿಚಯಿಸಿದರು: "ನಿಮಗ ಫೋನ್ ಮಾಡತಿದ್ದ ಟೀಚರ್ ಇವರ ನೋಡ್ರಿ. ನಿಮ್ಮನ್ನ ಕರಸಬೇಕಂತ ಇವರದ ಹಠ. ನಮ್ಮ ಕನ್ನಡ ಟೀಚರ್, ಶಾಹೀನ್ ಮೇಡಂ."

ಪ್ರೇಮಕುಮಾರನ ಕೈಯಲ್ಲಿದ್ದ ಚಹಾ ಮಂಜುಗಡ್ಡೆಯಾಯಿತು.

"ಯಾ... ಯಾವೂರಾತ್ರಿ ನಿಮ್ಮದು?"

"ಕುಪ್ಪೇಲೂರರಿ ಸರ್."

ಅಂದು ಅವನು ಹರಿದ ಹಾಳೆಯ ಮೇಲ್ತುದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಇದ್ದದ್ದೂ ಅದೇ: ಶಾಹೀನ್ ಫಕ್ಕೀರಸಾಬ, ಕುಪ್ಪೇಲೂರು. ತೀರ್ಪುಗಾರನಾದ ಹೊಸತಿನಲ್ಲಿ ತನ್ನ ಜಾಣತನ ತೋರಿಸಲು ಹಾಳೆ ಎತ್ತಿ ಹಿಡಿದಾಗ ಮೂರನೆಯ ಸಾಲಿನಿಂದ ಎದ್ದು ನಿಂತಿದ್ದ ಎರಡು ಜಡೆಯ ಹುಡುಗಿ. ಅವಳು ಅತ್ತಿರಲಿಲ್ಲ. ಅದೇ ಅವನಿಗೆ ಇಷ್ಟು ವರ್ಷ ನುಂಗಲಾಗದ ಸಂಗತಿ.

ಮೂರ್ಖತನವೇನೋ ಒಂದು ಗಳಿಗೆಯದು. ಅದನ್ನು ಹದಿನಾರು ವರ್ಷ ಬಚ್ಚಿಟ್ಟು ಸಾಕುವುದಕ್ಕೆ ಮಾತ್ರ ಮಹಾ ಬುದ್ಧಿವಂತನೇ ಬೇಕು. ಪ್ರೇಮಕುಮಾರ ಜಿಲ್ಲೆಗೇ ಬುದ್ಧಿವಂತನಾಗಿದ್ದ. ಮತ್ತು ಎಂಬತ್ತು ಮಕ್ಕಳ ಚೀಟಿಗಳ ನಡುವೆ 'ತೀರ್ಪುಗಾರ' ಎಂದು ಬರೆದುಕೊಂಡ ಚೀಟಿ ಯಾರದೆಂದು ಗುರುತಿಸಲು ಬುದ್ಧಿಯೇ ಬೇಕಿರಲಿಲ್ಲ.

ಓದು ಶುರುವಾಯಿತು. ಚೀಲ ಮೆಣಸಿನಕಾಯಿಯದು, ಮಾರುಕಟ್ಟೆಯ ಯಾರ್ಡಿನಿಂದ ತಂದದ್ದು. ಮಕ್ಕಳು ಅದಕ್ಕೆ ಕೈ ಹಾಕದೆ ಬಿಸಿಯೂಟದ ಉದ್ದ ಹಿಡಿಕೆಯ ಸೌಟಿನಿಂದ ಚೀಟಿ ಎತ್ತುತ್ತಿದ್ದರು. ತಮಾಷೆಗೆ ಇರಬೇಕೆಂದುಕೊಂಡ ಪ್ರೇಮಕುಮಾರ ಯಾಕೆಂದು ಕೇಳಲಿಲ್ಲ. ಕೇಳುವ ಅಭ್ಯಾಸ ಅವನಿಗೆ ಇರಲೂ ಇಲ್ಲ.

ಹುಲಿಗೇಶನೆಂಬ ಹುಡುಗ ಮೊದಲನೆಯದನ್ನು ಓದಿದ: "ಗಣಿತ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ದೇವರಗುಡ್ಡಕ್ಕೆ ಬರಿಗಾಲಿನಲ್ಲಿ ನಡೆದುಹೋದೆ. ವಾಪಸ್ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು."

ಗೋಡೆ ಬಿರುಕು ಬಿಡುವಂಥ ನಗು. ಪ್ರೇಮಕುಮಾರನೂ ನಕ್ಕ, ಬೆವರುತ್ತ.

ಎರಡನೆಯದು: "ಅಜ್ಜಿಗೆ ಮೊಬೈಲ್ ಕಲಿಸಿದೆ. ಈಗ ನಾನು ಎಲ್ಲಿದ್ದೇನೆ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ."

ಪ್ರತಿ ಸಲ ಸೌಟು ಚೀಲದೊಳಗೆ ಇಳಿದಾಗ ಅವನ ಎದೆಯ ಬಡಿತ ಬ್ಯಾಡಗಿ ಸ್ಟೇಷನ್ನಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. ರೈಲು ಬಂತೆಂದು ಎಲ್ಲರೂ ಗಂಟು ಎತ್ತಿಕೊಂಡರು. ಇಪ್ಪತ್ತು ಚೀಟಿ ಮುಗಿದವು. ಶಾಹೀನ್ ಹಿಂದಿನ ಗೋಡೆಗೆ ಒರಗಿ, ಕೈಕಟ್ಟಿ ಕೇಳುತ್ತಿದ್ದಳು. ಊಟದ ಗಂಟೆ ಹೊಡೆಯಿತು.

ಹಾಲ್ ಖಾಲಿಯಾದದ್ದೇ ತಡ, ಪ್ರೇಮಕುಮಾರ ಬಾಗಿಲು ಮುಂದೆ ಮಾಡಿ ಚೀಲಕ್ಕೆ ಹೆಗಲವರೆಗೆ ಕೈ ತೂರಿಸಿದ. ನೀಲಿ ಶಾಯಿಯ, ನಾಲ್ಕು ಮಡಿಕೆಯ ಚೀಟಿ. ಅಷ್ಟೇ ಬೇಕಾದದ್ದು. ಚೀಲದ ತಳದಲ್ಲಿ ಕುಳಿತಿದ್ದ ಪುಡಿ ಎದ್ದಿತು. ಮೂಗು ಹತ್ತಿ ಉರಿಯಿತು. ಸೀನಿದ. ಸೀನಿಗೆ ಚೀಟಿಗಳು ಹಾರಿದವು. ಬೆವರು ಒರೆಸಿಕೊಳ್ಳಲು ಕೈ ಮುಖಕ್ಕೆ ಹೋಯಿತು, ಮತ್ತು ಕಣ್ಣಿಗೆ.

ಆಗ ಅವನು ಹಾಕಿದ ಕೂಗನ್ನು ನುಂಗಿಕೊಳ್ಳದೆ ಹೋಗಿದ್ದರೆ ಹಾವೇರಿಯಿಂದ ಅಗ್ನಿಶಾಮಕದವರು ಬರುತ್ತಿದ್ದರು. ಎರಡೂ ಕಣ್ಣು ಮುಚ್ಚಿಹೋದವು. ಮುಷ್ಟಿಯಲ್ಲಿ ಏಳೆಂಟು ಚೀಟಿ. ಯಾವುದು ತನ್ನದೆಂದು ಕಾಣಿಸದು.

ಬಾಗಿಲು ಕಿರುಗುಟ್ಟಿತು.

"ಸರ್? ಏನ್ ಹುಡಕಾಕತ್ತೀರಿ?" ಶಾಹೀನಳ ದನಿ.

"ಪೆನ್ನರಿ... ಪೆನ್ನು ಬಿತ್ತು."

"ಪೆನ್ನು ಕಿಸೆದಾಗ ಐತಲ್ರಿ." ಅವಳು ಹತ್ತಿರ ಬಂದಳು. "ಅಯ್ಯ! ಬರಿಗೈ ಹಾಕೀರೇನು? ಅದಕ್ಕ ಹುಡುಗರು ಸೌಟು ಹಿಡದಾರ."

"ಬ್ಯಾಡಗಿ ಮೆಣಸಿನಕಾಯಿ ಬರೇ ಬಣ್ಣ, ಖಾರ ಇಲ್ಲ ಅಂತಾರಲ್ಲರಿ!"

"ಬಾಯಿಗೆ ಇಲ್ಲರಿ. ಕಣ್ಣು ಬ್ಯಾರೆ." ಅವಳು ಚೊಂಬು ತಂದು ಅವನ ಬೊಗಸೆಗೆ ನೀರು ಹಾಕಿದಳು. ಚೀಟಿಗಳು ಕೆಳಗೆ ಬಿದ್ದವು. ಅವಳು ಅವನ್ನು ಒಂದೊಂದಾಗಿ ಹೆಕ್ಕುವ ಸದ್ದು ಕೇಳಿಸಿತು. "ಏನರೆ ಓದಬೇಕಾಗಿತ್ತೇನ್ರಿ? ನಾ ಓದ್ಲಿ?"

"ಬ್ಯಾಡ! ಬ್ಯಾಡ್ರಿ ಮೇಡಂ. ಚೀಲಕ್ಕ ಹಾಕಿಬಿಡ್ರಿ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚೀಟಿಗಳು ಚೀಲಕ್ಕೆ ಬಿದ್ದ ಸಪ್ಪಳ.

"ಎಂಟು ಸಲ ಫೋನ್ ಮಾಡಿದ್ದೆ ಸರ್ ನಿಮಗ," ಎಂದಳು, ಹೋಗುತ್ತ. "ಎಂಟೂ ಸಲ ನೀವ ಮಾತಾಡಿದ್ರಿ. ನನ್ನ ಹೆಸರು ಕೇಳತೀರೇನೋ ಅಂತ ಕಾದೆ."

ಮಧ್ಯಾಹ್ನ ಮತ್ತೆ ಸೌಟು ಚೀಲಕ್ಕೆ ಇಳಿಯಿತು. ಪ್ರೇಮಕುಮಾರನ ಕಣ್ಣುಗಳು ಎರಡು ಟೊಮ್ಯಾಟೊ ಆಗಿದ್ದವು, ಧಾರಾಕಾರ ನೀರು. ಚೀಟಿಯ ಮೇಲೆ ಚೀಟಿ. ಐವತ್ತಾದವು. ಅರವತ್ತಾದವು. ಯಾರಾದರೂ ಗಡಿಯಾರದ ಮುಳ್ಳು ಎಳೆದು ಶಾಲೆ ಬಿಡುವ ನಾಲ್ಕೂವರೆ ಮಾಡಿದ್ದರೆ ಅವರ ಕಾಲಿಗೆ ಬೀಳಲು ಅವನು ಸಿದ್ಧನಿದ್ದ.

ದುರ್ಗಾಳ ಸರದಿ ಬಂತು. ಸೌಟು ಎತ್ತಿದಳು. ನೀಲಿ ಶಾಯಿ, ನಾಲ್ಕು ಮಡಿಕೆ. ಬಿಚ್ಚಿ, ಒಮ್ಮೆ ಸೀನಿ, ಓದತೊಡಗಿದಳು. 'ತೀರ್ಪುಗಾರ' ಎಂಬಲ್ಲಿ ದನಿ ತಗ್ಗಿತು. 'ಎಲ್ಲರೆದುರು ಹರಿದು ಹಾಕಿದೆ' ಎಂಬಲ್ಲಿ ಓದು ನಿಧಾನವಾಯಿತು. ಕೊನೆಯ ಸಾಲನ್ನು ಯಾರ ಮುಖವನ್ನೂ ನೋಡದೆ ಓದಿ ಮುಗಿಸಿದಳು.

ಎಂಬತ್ತು ತಲೆಗಳು ಒಟ್ಟಿಗೆ ಅವನತ್ತ ತಿರುಗಿದವು.

ನಿಯಮದ ಪ್ರಕಾರ ಏಳಬೇಕಿರಲಿಲ್ಲ. ಎದ್ದ. "ಅದು... ನಂದು," ಎಂದ. ಕಣ್ಣಿನಿಂದ ನೀರು ಅಂಗಿಯ ಮೇಲೆ ಇಳಿಯುತ್ತಿತ್ತು.

ಹುಲಿಗೇಶ ಕೂಗಿದ: "ಏ, ಸರ್ ಭಾರಿ ಕಥಿ ಕಟ್ಟತಾರಲೇ!" ಇಡೀ ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ಮೈಲಾರೆಪ್ಪ ಕಿವಿಯ ಹತ್ತಿರ ಬಾಗಿದರು: "ಏನ್ ಆ್ಯಕ್ಟಿಂಗ್ ಸರ್! ಕಣ್ಣೀರು ಸುದ್ದಾ! ನಲವತ್ತು ಸಾಲಿ ಆದ್ವು ಅಂತ ತಿಳೀರಿ."

ತಪ್ಪಿಸಿಕೊಳ್ಳುವ ಬಾಗಿಲು ಇಷ್ಟು ಅಗಲ ತೆರೆದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಒಮ್ಮೆ ತಲೆಬಾಗಿ ನಕ್ಕರೆ ಮುಗಿಯಿತು, ಎಲ್ಲ ನಾಟಕವಾಗುತ್ತಿತ್ತು. ಇಪ್ಪತ್ತು ವರ್ಷ ಊದಿ ಊದಿ ಹೇಳಿದ್ದನ್ನೆಲ್ಲ ನಂಬಿದ ಜನ, ಊದದ ಒಂದೇ ಮಾತನ್ನು ನಂಬಲಿಲ್ಲ.

ಮಂಜುಗಣ್ಣಿನಲ್ಲಿ ಹಿಂದಿನ ಗೋಡೆ ಕಂಡಿತು. ಕಡುನೀಲಿ ದುಪಟ್ಟಾ. ಅಲ್ಲೊಬ್ಬಳು ಚಪ್ಪಾಳೆ ತಟ್ಟುತ್ತಿರಲಿಲ್ಲ.

"ಖರೇ ಐತಿ," ಎಂದ. ಚಪ್ಪಾಳೆ ಇನ್ನೂ ಜೋರಾಯಿತು. "ಏ, ಖರೇ ಐತ್ರೋ!"

"ಖರೇ ಅಂದ್ರ," ಶಾಹೀನ್ ಗೋಡೆ ಬಿಟ್ಟು ಮುಂದೆ ಬಂದಳು. ಮಕ್ಕಳು ಸುಮ್ಮನಾದರು. "ಆ ಪ್ರಬಂಧದಾಗ ಏನಿತ್ತು ಹೇಳ್ರಿ ಸರ್."

ಪ್ರೇಮಕುಮಾರ ಕಣ್ಣು ಮುಚ್ಚಿದ. ಮೈಕ್ ಹಿಡಿಯಲಿಲ್ಲ.

"ನಮ್ಮೂರ ಬಸ್ಸಿಗೆ ಹಿಂದಿನ ಗಾಜಿಲ್ಲ. ಹಾಗಾಗಿ ನಮ್ಮೂರಿನವರು ರಾಣೆಬೆನ್ನೂರು ಮುಟ್ಟುವವರೆಗೂ ಊರನ್ನೇ ನೋಡುತ್ತ ಹೋಗುತ್ತಾರೆ. ಟಿಕೆಟ್ ಇಲ್ಲದೆ ಬರುವುದು ಧೂಳು ಮಾತ್ರ."



"ಮುಂದ?" ಎಂದಳು ಶಾಹೀನ್. ದನಿ ಮೊದಲಿನಂತಿರಲಿಲ್ಲ.

"ಮುಂದ ಓದಲಿಲ್ಲರಿ. ಅಲ್ಲೇ ಹರದೆ."

"ಎರಡು ಪುಟ ಇತ್ತು ಸರ್."

ದುರ್ಗಾ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. "ಮೇಡಂ... ಆ ಹುಡುಗಿ ನೀವ?" ಉತ್ತರಕ್ಕೆ ಕಾಯದೆ ಕೇಳಿದಳು: "ಮುಂದ ಏನಿತ್ರಿ?"

"ನೆನಪಿಲ್ಲವ್ವಾ," ಎಂದಳು ಶಾಹೀನ್. "ಅವತ್ತಿಂದ ನಾ ಬರೆಯೋದು ಕರಿಹಲಗಿ ಮ್ಯಾಲ ಅಷ್ಟ. ಮಂದಿ ಬರದದ್ದನ್ನ."

ಮೈಲಾರೆಪ್ಪ ವರದಿಯ ಫೈಲನ್ನು ಸದ್ದಾಗದಂತೆ ಮುಚ್ಚಿದರು. ಅದನ್ನು ಕಂಡ ಪ್ರೇಮಕುಮಾರನಿಗೆ ಆ ನಲವತ್ತು ಶಾಲೆಗಳೂ ಒಂದರ ಹಿಂದೊಂದು ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಸಮಜಾಯಿಷಿಯ ನೂರು ಮಾತು ನಾಲಿಗೆಯ ತುದಿಗೆ ಬಂದು ನಿಂತವು. ಅಷ್ಟನ್ನೂ ನುಂಗಿದ. ಕೊನೆಗೆ ಹೊರಬಂದದ್ದು ಒಂದೇ: "ತಪ್ಪಾತರಿ ಮೇಡಂ."



ದುರ್ಗಾ ಕೈಯಲ್ಲಿದ್ದ ಚೀಟಿಯನ್ನು ಮಗುಚಿ ಶಾಹೀನಳ ಮುಂದೆ ಹಿಡಿದಳು. "ಈಗ ಬರೀರಿ ಮೇಡಂ. ಇದರ ಹಿಂದಿನ ಬಾಜು ಖಾಲಿ ಐತ್ರಿ."

ಶಾಹೀನ್ ಚೀಟಿಯನ್ನು ತೆಗೆದುಕೊಂಡು ಅವನ ಅಕ್ಷರಗಳನ್ನು ಒಮ್ಮೆ ಓದಿದಳು. ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಚಾಪೆಯ ಮೇಲೆ, ಮಕ್ಕಳು ಸರಿದು ಬಿಟ್ಟ ಜಾಗದಲ್ಲಿ ಕುಳಿತಳು.

"ಇಷ್ಟರಾಗ ಹಿಡಿಸಂಗಿಲ್ಲ," ಎಂದಳು. "ಸರ್, ಇಡೀ ಹಾಳಿ ಎರಡು ಕೊಡ್ರಿ."

ಪ್ರೇಮಕುಮಾರ ಮೇಜಿನತ್ತ ಓಡಿದ.

"ಮದಲ ಕೈ ತೊಳಕೊಂಡು ಬರ್ರಿ," ಎಂದಳು ಅವಳು, ತಲೆಯೆತ್ತದೆ.