ಸೊಸೆ ಬರೆಯದೆ ಬಿಟ್ಟ ಹೆಸರು

ಕೆಲಸ ಹುಡುಕುವ ಜಾಲತಾಣದಲ್ಲಿ ನಸಿಪಾ ತನ್ನ ವಿವರ ಹಾಕಿದ ಮೇಲೆ ಒಂದು ಚಳಿಗಾಲವೇ ಕಳೆಯುತ್ತ ಬಂದಿತ್ತು. ಅದನ್ನು ಎಷ್ಟು ಜನ ನೋಡಿದ್ದಾರೆಂದು ತೋರಿಸುವ ಮೂಲೆಯಲ್ಲಿ ಒಂದು ಸೊನ್ನೆ ಬಂದು ಕೂತಿತ್ತು, ಎದ್ದು ಹೋಗುವ ಲಕ್ಷಣವೇ ಇರಲಿಲ್ಲ. ಅಡುಗೆ ಕೆಲಸದಿಂದ ಹಿಡಿದು ಗೋದಾಮಿನ ಕಾವಲಿನವರೆಗೆ ಕಂಡಕಂಡ ಜಾಹೀರಾತಿಗೆಲ್ಲ ಅವಳು ಅರ್ಜಿ ಹಾಕಿದ್ದಳು. ಒಬ್ಬರೂ ಕ್ಯಾರೇ ಅನ್ನಲಿಲ್ಲ.

ವಸಂತದ ನೌರುಜ್ ಹಬ್ಬದೊಳಗೆ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ರಾಜಧಾನಿ ಬಿಷ್ಕೆಕ್‌ನಲ್ಲಿ ಕೆಲಸ ಸಿಗದಿದ್ದರೆ ಪಕ್ಕದ ಮನೆಯ ತುರ್ಸುನಾಯ್ ಜೊತೆ ಮಾಸ್ಕೋದ ಹೊಲಿಗೆ ಕಾರ್ಖಾನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಗಂಡ ಆಗಲೇ ಅಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಪುಟ್ಟ ಮಗಳು ಐಝಾನ್ ಮಾತ್ರ ತಮ್ಮೂರು ಟೋಕ್ಮೋಕ್‌ನಲ್ಲೇ ಅಜ್ಜನ ಹತ್ತಿರ ಉಳಿಯಬೇಕು. ಆ ಮಾತು ಬಂದಾಗಲೆಲ್ಲ ನಸಿಪಾ ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಚಹಾಕ್ಕೆ ಬಂದ ತುರ್ಸುನಾಯ್ ಅವಳ ಫೋನಿನಲ್ಲಿ ಇಣುಕಿ ನೋಡಿ ನಕ್ಕಳು.

"ಊರಲ್ಲಿರೋ ಬಾಗಿಲೆಲ್ಲ ತಟ್ಟಿದೀಯಲ್ಲೇ. ಎಲ್ಲ ಕೆಲಸಾನೂ ಬರತ್ತೆ ಅನ್ನೋಳಿಗೆ ಯಾವುದೂ ಬರಲ್ಲ ಅಂತಾರೆ."

"ಅದಿರಲಿ," ಎಂದಳು ನಸಿಪಾ. "ಆ ಕಡೆ ಕೂತೋರಿಗೆ ನಾವು ಹೆಂಗೆ ಕಾಣ್ತೀವಿ? ಅದು ನೋಡ್ಬೇಕು ನಂಗೆ."

ನಸಿಪಾಳ ಹಳೆಯ ಚಟವೇ ಅದು. ಹೊಸದಾಗಿ ಮದುವೆಯಾಗಿ ಬಂದಾಗ ಮಾವನ ಕೋಟಿನ ಅಂಗಡಿಯಲ್ಲಿ ಎಲ್ಲರೂ ಕೋಟಿನ ಹೊರಮೈ ಸವರಿ ಹೊಗಳುತ್ತಿದ್ದರೆ, ಇವಳು ಒಳಮೈ ತಿರುವಿ ಹೊಲಿಗೆಗೆ ಮೂಗು ತಾಗಿಸಿ ನೋಡುತ್ತಿದ್ದಳು. ಅದನ್ನು ಕಂಡೇ ಮಾವ ಜುಮಾದಿಲ್ ಅವಳ ಕೈಗೆ ಕತ್ತರಿ ಕೊಟ್ಟಿದ್ದು. ಆ ಸೀಮೆಯಲ್ಲಿ ಉಣ್ಣೆ ಕೋಟು ಎಂದರೆ ಜುಮಾದಿಲ್ ಅಂಗಡಿಯದೇ ಆಗಬೇಕಿತ್ತು. ಹೋದ ಶರತ್ಕಾಲದಲ್ಲಿ ಮುದುಕನ ಕೈ ನಡುಗಲು ಶುರುವಾಗಿ ಅಂಗಡಿ ಮುಚ್ಚಿತು. ನಿಜ ಹೇಳಬೇಕೆಂದರೆ ಕೊನೆಕೊನೆಗೆ ಅಲ್ಲಿನ ಕೋಟುಗಳನ್ನೆಲ್ಲ ಕತ್ತರಿಸಿದ್ದು ಸೊಸೆಯೇ.

ನಸಿಪಾ ಜಾಲತಾಣವನ್ನೂ ಕೋಟಿನ ಹಾಗೆ ತಿರುವಿಹಾಕಿದಳು. ಕೆಲಸ ಕೊಡುವವಳಂತೆ ಇನ್ನೊಂದು ಖಾತೆ ತೆರೆದಳು.

"ಮೋಸ ಅಲ್ವೇನೇ ಇದು?"

"ನೋಡೋದಕ್ಕೇನು ಮೋಸ? ಯಾರನ್ನಾದರೂ ಕರೀತೀನಾ ನಾನು?"

'ಹೊಲಿಗೆ' ಎಂದು ಒತ್ತಿದರೆ ಜಾತ್ರೆಯಷ್ಟು ಜನ. 'ಕೋಟು, ಕಟಿಂಗ್ ಮಾಸ್ಟರ್' ಎಂದರೆ ಜರಡಿ ಹಿಡಿದ ಹಾಗೆ ಕೆಲವೇ ಪುಟಗಳು ಉಳಿದವು. ಇಬ್ಬರೂ ಕರಿದ ಹಿಟ್ಟಿನ ಬೊರ್ಸೋಕ್ ಮೆಲ್ಲುತ್ತ ಅಪರಿಚಿತರ ಬದುಕನ್ನೆಲ್ಲ ಓದಿದರು. ನೋಡನೋಡುತ್ತ ನಸಿಪಾಗೆ ಒಂದೊಂದೇ ಗುಟ್ಟು ಹೊಳೆಯತೊಡಗಿತು. ನಿನ್ನೆ ಮೊನ್ನೆ ವಿವರ ತಿದ್ದಿದವರು ಮೇಲಿದ್ದರು. ಒಂದೇ ಕೆಲಸದ ಹೆಸರನ್ನು ನೆಟ್ಟಗೆ ಬರೆದವರು ಮುಂದಿದ್ದರು, ಜಾಹೀರಾತಿನಲ್ಲಿರುವ ಪದಗಳನ್ನೇ ಬಳಸಿದವರು ಇನ್ನೂ ಮುಂದೆ. ತನ್ನ ವಿವರದ ಮೊದಲ ಸಾಲು ಮಾತ್ರ 'ಶ್ರದ್ಧೆಯಿಂದ ಯಾವ ಕೆಲಸಕ್ಕೂ ಸಿದ್ಧ' ಎಂದಿತ್ತು. ಅದನ್ನು ಅಳಿಸಿ 'ಉಣ್ಣೆ ಕೋಟಿನ ಕಟಿಂಗ್ ಮಾಸ್ಟರ್' ಎಂದು ಬರೆದು ಮತ್ತೆ ಹುಡುಕಿದಳು. ಮೂರನೆಯ ಪುಟದ ತಳದಲ್ಲಿ ತನ್ನದೇ ಮುಖ ಕಾಣಿಸಿತು.

"ಬಂದೆ ನೋಡು," ಎಂದಳು ತುರ್ಸುನಾಯ್. "ಮದುವೆ ಮನೆಗೆ ಬಂದು ಚಪ್ಪಲಿ ಕಾಯ್ತಾ ಕೂತಿದೀಯ. ಒಳಗೆ ಹೋಗೋದು ಯಾವಾಗ?"

ಅವಳೇ ಬಿಷ್ಕೆಕ್‌ನ ಕೋಟಿನ ಕಾರ್ಖಾನೆಯೊಂದರ ಜಾಹೀರಾತು ತೆರೆದಳು. ಟೋಕ್ಮೋಕ್‌ನ ಜುಮಾದಿಲ್ ಅಂಗಡಿಯಲ್ಲಿ ಪಳಗಿದವರಿಗೆ ಮೊದಲ ಆದ್ಯತೆ ಎಂದಿತ್ತು.

"ಇದಕ್ಕೆ ಹಾಕಿಲ್ವಾ?"

"ಎಲ್ಲಕ್ಕಿಂತ ಮೊದಲು ಹಾಕಿದ್ದೇ ಇದಕ್ಕೆ. ಉತ್ತರಾನೇ ಇಲ್ಲ."

ತುರ್ಸುನಾಯ್ ಹುಡುಕುವ ಜಾಗದಲ್ಲಿ ಜುಮಾದಿಲ್ ಎಂದು ಒತ್ತಿದಳು. ಎಲ್ಲರಿಗಿಂತ ಮೇಲೆ ಬಂದವನು ಶೆರಾಲಿ. ಒಂದು ಚಳಿಗಾಲ ಅಂಗಡಿಯಲ್ಲಿ ಕಸ ಗುಡಿಸಿ ಗುಂಡಿ ಹಚ್ಚಿಕೊಂಡಿದ್ದವನು ತನ್ನನ್ನು 'ಜುಮಾದಿಲ್ ಅವರ ಬಲಗೈ' ಎಂದು ಬರೆದುಕೊಂಡಿದ್ದ. ನಸಿಪಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಯ ತನಕ ಹುಡುಕಿದರೂ ತಾನು ಅಲ್ಲಿಲ್ಲವೆಂದು ಗೊತ್ತಾದಾಗ ನಗು ನಿಂತಿತು.

ತುರ್ಸುನಾಯ್ ಅವಳ ವಿವರವನ್ನು ಜೋರಾಗಿ ಓದಿದಳು. "'ಟೋಕ್ಮೋಕ್‌ನ ಒಬ್ಬ ಹಿರಿಯರ ಅಂಗಡಿಯಲ್ಲಿ.' ಯಾವ ಹಿರಿಯರೇ? ಈ ಊರಲ್ಲಿ ಹಿರಿಯರಿಗೇನು ಬರವಾ?"

"ಎಲ್ಲರಿಗೂ ಗೊತ್ತಲ್ಲ, ಯಾರು ಅಂತ."

"ಊರಿಗೆ ಗೊತ್ತು ಕಣೇ. ಯಂತ್ರಕ್ಕೆ ಯಾರು ಹೇಳ್ತಾರೆ?"

ನಸಿಪಾ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಸೊಸೆಯಾಗಿ ಹೊಸಿಲು ದಾಟಿದ ಮೇಲೆ ಆ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ; ಮಾವನ ಹೆಸರನ್ನು ಸೊಸೆ ಹೇಳಬಾರದೆಂಬುದು ಅವರ ಕಡೆಯ ಕಟ್ಟಳೆ. ಅದೇ ಹೆಸರಿನ ಬಸ್ ಚಾಲಕನೊಬ್ಬ ಬೀದಿಯಲ್ಲಿದ್ದ, ಅವನನ್ನೂ 'ಬಸ್ಸಿನಣ್ಣ' ಎಂದೇ ಕರೆದು ಬಚಾವಾಗಿದ್ದಳು. ಬರೆಯುವಾಗಲೂ ಕೈ ತಾನಾಗಿಯೇ ಪಕ್ಕಕ್ಕೆ ಸರಿದಿತ್ತು.

"ತಾ, ನಾನು ಒತ್ತುತೀನಿ," ಎಂದಳು ತುರ್ಸುನಾಯ್.

"ಬೇಡ. ಅವರನ್ನ ಕೇಳದೆ ಅವರ ಹೆಸರನ್ನ ಸಂತೆಗೆ ಇಡೋದಾ?"

ಒಳಕೋಣೆಯಲ್ಲಿ ಮಾವ ಐಝಾನ್‌ಗೆ ಗೊಂಬೆಯ ಅಂಗಿಯೊಂದನ್ನು ಹೊಲಿಯಲು ನೋಡಿ ಸೋಲುತ್ತಿದ್ದ. ನಸಿಪಾ ಚಹಾ ಇಟ್ಟು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದಳು.

"ಶೆರಾಲಿ ನನ್ನ ಬಲಗೈಯಂತಾ?" ಎಂದು ಕೇಳಿದ ಮುದುಕ.

"ಹಾಗಂತ ಬರ್ಕೊಂಡಿದಾನೆ, ಆತಾ." ಅಪ್ಪ ಎಂಬರ್ಥದ ಆ ಮಾತಿನಿಂದಲೇ ಅವಳು ಮಾವನನ್ನು ಕರೆಯುತ್ತಿದ್ದುದು.

"ಎರಡು ಗುಂಡಿ ಹಚ್ಚೋದ್ರೊಳಗೆ ಮೂರು ಕಳೀತಿದ್ದ ಅವನು." ನಕ್ಕವನು ಆಮೇಲೆ ಗೊಂಬೆಯ ಅಂಗಿಯನ್ನು ಪಕ್ಕಕ್ಕಿಟ್ಟ. "ಆ ಹೆಸರಿಗೆ ಒಂದು ಕಲೆ ಹತ್ತದ ಹಾಗೆ ನೋಡ್ಕೊಂಡು ಬಂದೆ. ಅದು ಶೆರಾಲಿಗೆ ಅನ್ನ ಹಾಕತ್ತೆ, ನನ್ನ ಸೊಸೆಗೆ ಹಾಕಲ್ಲ ಅಂದ್ರೆ ಇಟ್ಕೊಂಡು ಏನು ಮಾಡಲಿ? ತಾ ಮಗಳೇ ಆ ಫೋನು."

ಬೆರಳು ನಡುಗಿ ಒಂದಕ್ಷರದ ಬದಲು ಇನ್ನೊಂದು ಬೀಳುತ್ತಿತ್ತು. ಅಳಿಸಿದ, ಮತ್ತೆ ಒತ್ತಿದ, ಮತ್ತೆ ಅಳಿಸಿದ. ಹಿಂದೆಯೇ ಬಂದಿದ್ದ ತುರ್ಸುನಾಯ್ ಕೈಚಾಚಿದಳು, ಮುದುಕ ಕಣ್ಣಲ್ಲೇ ಗದರಿದ. ತನ್ನ ಹೆಸರನ್ನು ತಾನೇ ಬರೆದು ಮುಗಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು.

ಸೊನ್ನೆ ಮರುದಿನವೇ ಜಾಗ ಖಾಲಿ ಮಾಡಿತು. ಅದೇ ವಾರ ಬಿಷ್ಕೆಕ್‌ನ ಆ ಕೋಟಿನ ಕಾರ್ಖಾನೆಯಿಂದ ಫೋನ್ ಬಂತು. ಮಾತಾಡಿದವಳು ಒಡತಿ ಗುಲ್ಬಾರಾ. ಬಟ್ಟೆ, ಅಳತೆ, ಲೈನಿಂಗ್ ಎಂದು ಏನೇನೋ ಕೇಳಿದಳು. ನಸಿಪಾ ಪಟಪಟನೆ ಹೇಳುತ್ತ ಹೋದಳು.

"ಕಲಿತಿದ್ದು ಯಾರ ಹತ್ರ? ಹೆಸರು ಹೇಳಿ."

ನಸಿಪಾ ತಲೆಯೆತ್ತಿ ನೋಡಿದಳು. ಎದುರಿಗೆ ಕೂತಿದ್ದ ಮಾವ ಹೇಳು, ಹೇಳು ಎಂದು ಕೈಯಾಡಿಸಿದ. ಐಝಾನ್ ಅವನ ತೊಡೆಯ ಮೇಲೆ ಕೂತು ಅಮ್ಮನನ್ನೇ ನೋಡುತ್ತಿದ್ದಳು. ಮಗಳ ಮುಖ ನೋಡಿ ನಸಿಪಾ ಹೇಳಲು ಹೊರಟಳು, ನಾಲಿಗೆ ಹೊರಳಲಿಲ್ಲ.

"ನಮ್ಮ... ನಮ್ಮ ಹಿರಿಯರ ಹತ್ರ," ಎಂದಳು. ಎಲ್ಲ ಮುಗಿಯಿತು ಎಂದುಕೊಂಡಳು.

ಆ ಕಡೆ ಗುಲ್ಬಾರಾಳ ದನಿ ಮೆತ್ತಗಾಯಿತು.

"ಬೆಳಗಿಂದ ಎಷ್ಟೋ ಜನ ಆ ಹೆಸರನ್ನ ಗಟ್ಟಿಯಾಗಿ ಹೇಳಿದ್ರು. ಒಬ್ಬ ಬಲಗೈ ಅಂತಾನೂ ಅಂದ. ಹೇಳೋಕಾಗದೆ ತಡವರಿಸಿದ್ದು ನೀವೊಬ್ಬರೇ. ಆ ಮನೆ ಸೊಸೆ ಅಲ್ವಾ ನೀವು?"

"ಹೌದು."

"ನಾನೂ ಒಂದು ಮನೆ ಸೊಸೆ ಕಣಮ್ಮ. ನಮ್ಮಪ್ಪ ಸಾಯೋಕೆ ಮುಂಚೆ ಹೊಲಿಸಿದ ಕೋಟು ನಿಮ್ಮ ಅಂಗಡೀದೇ. ಹೆಂಗೆ ಕತ್ತರಿಸಿದಾರೆ ಅಂತ ಒಳಗೆಲ್ಲ ಬಿಚ್ಚಿ ನೋಡಿದೀನಿ. ಮುದುಕರ ಕೈ ಅಲ್ಲ ಅದು ಅಂತ ಆವತ್ತೇ ಅನ್ನಿಸಿತ್ತು. ಸೋಮವಾರದಿಂದ ಬನ್ನಿ."

ನಸಿಪಾ ಫೋನು ಕೆಳಗಿಟ್ಟು ಮಗಳನ್ನು ಬಾಚಿ ಅಪ್ಪಿಕೊಂಡಳು.

"ಹೇಳಿಬಿಡಬಾರದಿತ್ತಾ?" ಎಂದು ಗೊಣಗಿದ ಮುದುಕ. "ನಾನೇ ಹೇಳು ಅಂದಿದ್ನಲ್ಲ."

"ಬಾಯಿ ಬರಲಿಲ್ಲ, ಆತಾ."

ಅವನು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಆಮೇಲೆ ಎದ್ದು ಪೆಟ್ಟಿಗೆಯಿಂದ ತನ್ನ ದೊಡ್ಡ ಕತ್ತರಿ ತೆಗೆದು, ನಡುಗುವ ಕೈಯಲ್ಲೇ ಅದಕ್ಕೆ ಎಣ್ಣೆ ಹಚ್ಚತೊಡಗಿದ.