ಹಡಗಿನ ರೇಟು ಇಳಿದಾಗ ಮುರಿಗೆವ್ವ ಆಡಿದ ಮಾತು

ನಮ್ಮ ಕಡೆ ಟೀವಿ ಅಂದರೆ ಒಬ್ಬ ವಿಚಿತ್ರ ನೆಂಟ. ಪಡಸಾಲೆಯಲ್ಲಿ ಕೂತು ಇದ್ದ ಒಂದೇ ಸುದ್ದಿಯನ್ನು ಬೆಳಗಿನಿಂದ ಸಂಜೆವರೆಗೂ ಹೇಳುತ್ತದೆ, ಮನೆಮಂದಿಯ ಊಟ ಕೆಡಿಸಿ ಆಮೇಲೆ ಸುಮ್ಮನಾಗುತ್ತದೆ. ತಿಕೋಟಾದ ಶಿವಯೋಗೆಪ್ಪನವರ ಮನೆಯಲ್ಲಿ ದೀಪಾವಳಿ ಮುಗಿದ ವಾರ ಆದದ್ದು ಇದೇ. ದೂರದ ಯಾವುದೋ ಕಡಲಲ್ಲಿ ಒಂದು ಪ್ರವಾಸಿ ಹಡಗು ಬಂಡೆಗೆ ತಾಗಿ ಒಂದು ಮಗ್ಗುಲಿಗೆ ವಾಲಿತ್ತು. ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸಿ ದಡಕ್ಕೆ ತಂದಿದ್ದರು, ಕೆಲವರಿಗೆ ಪೆಟ್ಟಾಗಿತ್ತು. ಟೀವಿಯವರು ಅದನ್ನು ಎಷ್ಟು ಸಲ ತೋರಿಸಿದರೆಂದರೆ, ನೋಡಿದವರಿಗೆ ಜಗತ್ತಿನ ಹಡಗುಗಳೆಲ್ಲ ವಾಲಿಕೊಂಡೇ ನಿಂತಿವೆ ಅನಿಸಬೇಕು.

ಬೇರೆ ವರ್ಷವಾಗಿದ್ದರೆ ಪಾಪ ಎಂದು ಹೇಳಿ, ಚಹಾ ಕುಡಿದು, ಎಲ್ಲರೂ ತಮ್ಮ ಕೆಲಸಕ್ಕೆ ಏಳುತ್ತಿದ್ದರು. ಈ ಸಲ ಯಾರೂ ಏಳಲಿಲ್ಲ. ಮುಂದಿನ ತಿಂಗಳು ಶಿವಯೋಗೆಪ್ಪ ಮತ್ತು ಅವರ ಹೆಂಡತಿ ಮುರಿಗೆವ್ವ ಮುಂಬೈಯಿಂದ ಗೋವಾಕ್ಕೆ ಪ್ರವಾಸಿ ಹಡಗಿನಲ್ಲಿ ಹೋಗುವವರಿದ್ದರು. ಟಿಕೆಟ್ ಆಗಿಹೋಗಿತ್ತು.

ಇವರದು ದ್ರಾಕ್ಷಿ ತೋಟ, ಒಣದ್ರಾಕ್ಷಿಯ ವ್ಯಾಪಾರ. ಮುರಿಗೆವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಬೇಸಿಗೆ ಶೆಡ್ಡಿನಲ್ಲಿ ಕೂತು ತೊಟ್ಟು ಬಿಡಿಸಿ, ಹಸಿರು ಬೇರೆ ಕಪ್ಪು ಬೇರೆ ಮಾಡುತ್ತ ಬಂದವರು. ತಾವು ಆರಿಸಿದ ಮಾಲು ಲಾರಿ ಹತ್ತಿ ಬಂದರಿಗೆ ಹೋಗಿ, ಹಡಗಿನಲ್ಲಿ ಪರದೇಶಕ್ಕೆ ಹೋಗುತ್ತದೆ ಎಂದು ಕೇಳಿ ಬಲ್ಲರು. ಸಮುದ್ರ ಹೇಗಿರುತ್ತದೆ ಎಂದು ಮದುವೆಯ ಹೊಸದರಲ್ಲಿ ಗಂಡನನ್ನು ಕೇಳಿದ್ದರಂತೆ. ತೋರಿಸುತ್ತೇನೆ ಎಂದಿದ್ದರಂತೆ ಗಂಡ. ಆಮೇಲೆ ಮಕ್ಕಳಾದರು, ಬೋರು ಹಾಕಿಸಿದರು, ಮನೆ ಕಟ್ಟಿಸಿದರು, ಮಗನ ಮದುವೆ ಮಾಡಿದರು. ಮುರಿಗೆವ್ವ ಇನ್ನೊಮ್ಮೆ ಕೇಳಲಿಲ್ಲ. ಬಾಯಿಬಿಟ್ಟು ಕೇಳದವರಿಗೆ ಆಸೆಯೇ ಇಲ್ಲ ಎಂದು ನಾವು ಗಂಡಸರು ಹೆಂಗಸರು ಎಲ್ಲರೂ ಸೇರಿ ತಿಳಿದುಕೊಂಡುಬಿಡುತ್ತೇವಲ್ಲ, ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಈ ವರ್ಷ ಮಗ ಸತೀಶಕುಮಾರನೇ ಮುಂದೆ ನಿಂತು ಟಿಕೆಟ್ ಮಾಡಿಸಿದ್ದ. ಅಂದಿನಿಂದ ಮುರಿಗೆವ್ವನ ಮುಖವೇ ಬದಲಾಗಿತ್ತು.

ಸುದ್ದಿ ಬಂದದ್ದೇ ತಡ, ಫೋನುಗಳು ಶುರುವಾದವು. ಸಾರವಾಡದಿಂದ ಮುರಿಗೆವ್ವನ ಅಣ್ಣ ಬೇಡವೇ ಬೇಡ ಎಂದ. ಬಬಲೇಶ್ವರದ ಬೀಗರು ಗೋವಾಕ್ಕೆ ಬಸ್ಸು ಇಲ್ಲವೇ ಎಂದು ಕೇಳಿದರು. ಶಿವಯೋಗೆಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಟಿಕೆಟ್ ರದ್ದು ಮಾಡಿಸಿಬಿಡು ಎಂದು ಮಗನಿಗೆ ಹೇಳಿದರು. ಮುರಿಗೆವ್ವ ಪ್ರಯಾಣಕ್ಕೆಂದು ತೆಗೆದಿಟ್ಟಿದ್ದ ಸೀರೆಗಳನ್ನು ಮಡಚಿ ಮತ್ತೆ ಕಪಾಟಿಗೆ ಇಟ್ಟರು.

ಸತೀಶಕುಮಾರ ಅಪ್ಪನ ಮಾತಿಗೆ ತಟ್ಟನೆ ಒಪ್ಪಿದ. ಅಪ್ಪನಿಗೇ ಆಶ್ಚರ್ಯವಾಯಿತು. ಆದರೆ ಮಗನ ಲೆಕ್ಕ ಬೇರೆ ಇತ್ತು. ಅಪಘಾತದ ಸುದ್ದಿಯ ಬೆನ್ನಿಗೇ ಹಡಗಿನ ಪ್ರವಾಸದ ರೇಟು ಇಳಿದಿತ್ತು. ಅವನ ಮೊಬೈಲಿಗೆ ಒಂದು ಮೆಸೇಜೂ ಬಂದಿತ್ತು: ಅದೇ ಪ್ರವಾಸ, ಅರ್ಧ ರೇಟು, ಕಡಲು ಕಾಣುವ ಖೋಲಿ, ಇವತ್ತೇ ಮುಂಗಡ ಕಳಿಸಬೇಕು. ಹಳೆಯದನ್ನು ಬಿಟ್ಟು ಇದನ್ನು ಹಿಡಿಯೋಣ, ಮಂದಿಯ ಅಂಜಿಕೆ ಇಳಿದ ಮೇಲೆ ಆರಾಮಾಗಿ ಹೋಗಿಬನ್ನಿ ಎಂದು ಅಪ್ಪನ ಮುಂದೆ ತನ್ನ ವಿಚಾರ ಬಿಚ್ಚಿಟ್ಟ.

ಇದು ಒಣದ್ರಾಕ್ಷಿ ವ್ಯಾಪಾರದವರಿಗೆ ಮಾತ್ರ ಹೊಳೆಯುವ ವಿಚಾರ. ರೇಟು ಬಿದ್ದಾಗ ಮಾಲು ಹಿಡಿ, ಕೋಲ್ಡ್ ಸ್ಟೋರೇಜಿನಲ್ಲಿ ಇಡು, ಏರಿದಾಗ ತೆಗೆ. ಫೋನಿನಲ್ಲಿ ಒಂದು ಮಾತು ಆದರೆ ಮುಖ ನೋಡದೆ ಮುಂಗಡ ಹೋಗುತ್ತದೆ, ಏಕೆಂದರೆ ಪೇಟೆಯಲ್ಲಿ ಎಲ್ಲರಿಗೂ ಎಲ್ಲರ ಅಪ್ಪ ಅಜ್ಜ ಗೊತ್ತು. ಆದರೆ ಹಡಗಿನ ಖೋಲಿಯನ್ನು ಸ್ಟೋರೇಜಿನಲ್ಲಿ ಇಡಲಾಗದು. ಅದು ತನ್ನ ದಿನಕ್ಕೆ ಹೊರಟುಬಿಡುತ್ತದೆ. ಮೆಸೇಜು ಕಳಿಸಿದವನ ಅಪ್ಪ ಅಜ್ಜ ಇರಲಿ, ಅವನ ಹೆಸರೂ ಸತೀಶಕುಮಾರನಿಗೆ ಗೊತ್ತಿರಲಿಲ್ಲ. ಮಾಲು ಹಿಡಿಯುವುದರಲ್ಲಿ ಜಾಣನಾದ ಹುಡುಗ ಇಲ್ಲಿ ದಡ್ಡನಾಗಿ, ದುಡ್ಡು ಕಳಿಸಲು ಮೊಬೈಲು ತೆಗೆದಿದ್ದ.

ಆಗ ಮುರಿಗೆವ್ವ ಅಡುಗೆಮನೆಯಿಂದ ಹೊರಗೆ ಬಂದರು.

"ನಾ ಆರಿಸಿದ ಮಾಲೆಲ್ಲಾ ಹಡಗ ಹತ್ತಿ ಹೋಗೇತಿ. ನಾ ಅಷ್ಟ ಇಲ್ಲೇ ಉಳದೇನಿ" ಎಂದರು. "ನಿಮ್ಮಪ್ಪ ಅಂಜಿ ಬಿಡಸಾಕತ್ತಾರ, ನೀ ಅಗ್ಗಾತಂತ ಬಿಡಸಾಕತ್ತಿ. ನನಗೇನ್ ಬೇಕಂತ ಯಾರೂ ಕೇಳಲಿಲ್ಲ. ಬಿಡೂದಾದ್ರ ತಿಳಕೊಂಡು ಬಿಡೂಣು. ತಿಳೀಲಾರದ ಬಿಡೂದು ಬ್ಯಾಡ."

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ಆ ಮನೆಯವರು ಕೇಳಿಯೇ ಇರಲಿಲ್ಲ. ಸತೀಶಕುಮಾರ ಮೊಬೈಲನ್ನು ಜೇಬಿಗೆ ಇಟ್ಟ. ಮೂವರೂ ಕಾರು ಹತ್ತಿ ವಿಜಯಪುರಕ್ಕೆ ಹೊರಟರು.

ಟಿಕೆಟ್ ಮಾಡಿಸಿಕೊಟ್ಟವಳು ಮುನೀರಾ. ಸತೀಶಕುಮಾರನ ಜೊತೆಗೆ ಕಾಲೇಜು ಓದಿದವಳು. ಕೆಲವು ವರ್ಷ ಮುಂಬೈಯ ಪ್ರವಾಸ ಕಂಪನಿಯಲ್ಲಿ ಕೆಲಸ ಮಾಡಿ, ಈಗ ವಿಜಯಪುರದ ಇಬ್ರಾಹಿಂಪುರ ಬಡಾವಣೆಯಲ್ಲಿ ರೈಲು ಹಳಿಯ ಹತ್ತಿರ ತನ್ನದೇ ಬುಕಿಂಗ್ ಆಫೀಸು ಇಟ್ಟಿದ್ದಾಳೆ. ಇವರ ಮುಖ ನೋಡಿದ ಕೂಡಲೇ ಅವಳಿಗೆ ಸಂಗತಿ ತಿಳಿಯಿತು. ಆ ವಾರವೆಲ್ಲ ಬಂದವರದು ಇದೇ ಮುಖ. ಮೊದಲು ಕೂರಿಸಿ ನೀರು ಕೊಟ್ಟಳು.

ಶಿವಯೋಗೆಪ್ಪನವರು ನೇರವಾಗಿ ಕೇಳಿದರು. ಹಡಗುಗಳಲ್ಲಿ ಏನೋ ದೋಷ ಇರುವುದಕ್ಕೇ ತಾನೆ ರೇಟು ಇಳಿದದ್ದು?

"ಹಡಗ ಕೆಟ್ಟೈತಂತ ರೇಟ್ ಇಳದಿಲ್ರಿ ಕಾಕಾ, ಮಂದಿ ಅಂಜ್ಯಾರಂತ ಇಳದೈತಿ" ಎಂದಳು ಮುನೀರಾ. "ಖೋಲಿ ಖಾಲಿ ಇದ್ರೂ ಹಡಗಿಗೆ ಎಣ್ಣಿ ಬೇಕು, ಕೆಲಸದವರಿಗೆ ಪಗಾರ ಬೇಕು. ಅದಕ್ಕ ಕಂಪನಿಯವರು ರೇಟ್ ಇಳಿಸಿ ಕರೀತಾರ. ಮಂದಿ ಮರತ್ರಂದ್ರ ಮತ್ತ ಏರತೈತಿ. ರೇಟ್ ನೋಡಿ ಹಡಗಿನ ಗುಣಾ ಹೇಳಾಕ ಬರೂದಿಲ್ರಿ."

ಶಿವಯೋಗೆಪ್ಪನವರಿಗೆ ತಮ್ಮ ಪೇಟೆ ನೆನಪಾಯಿತು. ಒಬ್ಬನ ಗೋದಾಮಿನಲ್ಲಿ ಮಾಲಿಗೆ ಹುಳ ಬಿತ್ತೆಂದು ಸುದ್ದಿ ಹಬ್ಬಿದರೆ ಇಡೀ ತಿಕೋಟಾದ ಒಣದ್ರಾಕ್ಷಿಗೆ ಗಿರಾಕಿ ಹಿಂದೆ ಸರಿಯುತ್ತಾನೆ, ಒಳ್ಳೆಯ ಮಾಲಿನವನೂ ಅಗ್ಗಕ್ಕೆ ಕೊಡಬೇಕಾಗುತ್ತದೆ ಎಂದು ತಾವೇ ಹೇಳಿದರು. ಹಾಗೇ ರೇಟು ಏರಿದ ಮಾತ್ರಕ್ಕೆ ಮಾಲು ಚೊಕ್ಕ ಎಂದೂ ಅಲ್ಲ ಎಂದು ಸೇರಿಸಿದರು. ಮುನೀರಾ ನಕ್ಕು ಹೌದೆಂದಳು.

ಆಮೇಲೆ ಸತೀಶಕುಮಾರನ ಸರದಿ. ಆ ಮೆಸೇಜಿನವನಿಗೆ ಇಲ್ಲಿಂದಲೇ ಫೋನು ಮಾಡಿ ಹಡಗಿನ ಹೆಸರು, ಕಂಪನಿಯ ಹೆಸರು ಕೇಳು ಎಂದಳು. ಕೇಳಿದ. ಮೊದಲು ದುಡ್ಡು ಬರಲಿ, ಹೆಸರು ಆಮೇಲೆ ಎಂದಿತು ಆ ಕಡೆಯ ದನಿ. ರಸೀದಿ ಕೊಡುತ್ತೀರಾ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಸತೀಶಕುಮಾರ ಕಿವಿಯವರೆಗೂ ಕೆಂಪಾದ. ಮುನೀರಾ ಅವನನ್ನು ಚುಚ್ಚಲಿಲ್ಲ. ಮಂದಿ ಅಂಜಿದಾಗ, ಅಗ್ಗಕ್ಕೆ ಆಸೆಪಟ್ಟಾಗಲೇ ಇಂಥವರು ಏಳುತ್ತಾರೆ, ಎಲ್ಲ ಅಗ್ಗವೂ ಮೋಸವಲ್ಲ, ಕಂಪನಿಯ ಸ್ವಂತ ನಂಬರಿಗೆ ಕೇಳಿ ಖಾತ್ರಿ ಮಾಡಿಕೊಂಡರೆ ಸಾಕು ಎಂದಷ್ಟೇ ಹೇಳಿದಳು. ಹಳೆಯ ಟಿಕೆಟ್ಟಿನ ವಿಷಯವನ್ನೂ ಅವಳೇ ಬಿಡಿಸಿ ಹೇಳಿದಳು: ನಾವಾಗಿ ಟಿಕೆಟ್ ರದ್ದು ಮಾಡಿದರೆ ದುಡ್ಡು ಕಡಿತವಾಗುತ್ತದೆ, ದಿನ ಹತ್ತಿರ ಬಂದಷ್ಟೂ ಹೆಚ್ಚು. ಕಂಪನಿಯೇ ರದ್ದು ಮಾಡಿದರೆ ಸಾಮಾನ್ಯವಾಗಿ ದುಡ್ಡು ತಿರುಗಿ ಬರುತ್ತದೆ, ಇಲ್ಲವೇ ಬೇರೆ ದಿನ ಸಿಗುತ್ತದೆ. ಕಂಪನಿಗೊಂದು ಷರತ್ತು ಇರುವುದರಿಂದ ದುಡ್ಡು ಕೊಡುವ ಮುಂಚೆಯೇ ಓದಿಸಿಕೊಳ್ಳಬೇಕು. ಪ್ರವಾಸದ ವಿಮೆಯೂ ಹಾಗೇ, ಯಾವುದಕ್ಕೆ ಕೊಡುತ್ತಾರೆ ಯಾವುದಕ್ಕೆ ಕೊಡುವುದಿಲ್ಲ ಎಂದು ಮೊದಲೇ ಕೇಳಬೇಕು.

ಹೇಳುತ್ತಲೇ ಟಿಕೆಟ್ಟಿನಲ್ಲಿದ್ದ ನಂಬರಿಗೆ ತಾನೇ ಫೋನು ಹಚ್ಚಿದಳು. ಇವರ ಹಡಗು ಬೇರೆ, ಕಂಪನಿಯೂ ಬೇರೆ, ತಪಾಸಣೆ ಮುಗಿದಿದೆ, ಹೇಳಿದ ದಿನವೇ ಹೊರಡುತ್ತದೆ ಎಂದು ತಿಳಿಯಿತು. ಈಗ ರೇಟು ಇಳಿದಿದೆಯಲ್ಲ, ಮೊದಲೇ ಪೂರ್ತಿ ಕೊಟ್ಟವರಿಗೆ ಏನು ಮಾಡುತ್ತೀರಿ ಎಂದೂ ಕೇಳಿದಳು. ದುಡ್ಡು ತಿರುಗಿ ಕೊಡಲಾಗದು ಎಂದರು. ಮುನೀರಾ ಬಿಡದೆ ಮಾತಾಡಿದಳು. ಕೊನೆಗೆ ಅದೇ ಟಿಕೆಟ್ಟಿಗೆ ಕಡಲು ಕಾಣುವ ಖೋಲಿ ಕೊಡಲು ಒಪ್ಪಿದರು.

ಇಷ್ಟೆಲ್ಲ ಆದ ಮೇಲೂ ಶಿವಯೋಗೆಪ್ಪನವರು ತಲೆ ತಗ್ಗಿಸಿಕೊಂಡೇ ಕೂತಿದ್ದರು.

"ನನ್ನ ಜೀವಕ್ಕ ಅಂಜಿಲ್ಲವಾ ತಂಗಿ" ಎಂದರು. "ಇಕಿ ಇಲ್ಲದ ಮನಿಗೆ ನಾ ಒಬ್ಬಾಂವ ತಿರಗಿ ಬರೂದು ಹೆಂಗ, ಅದಕ್ಕ ಅಂಜೇನಿ."

ಮುರಿಗೆವ್ವ ಗಂಡನನ್ನು ನೋಡಿದರು. ದಿನವೂ ಉಪ್ಪು ಜಾಸ್ತಿ, ಚಹಾ ತಣ್ಣಗೆ ಎಂದು ಗೊಣಗುವ ಮನುಷ್ಯನ ಎದೆಯಲ್ಲಿ ಇದು ಇತ್ತೆಂದು ಅವರಿಗೂ ಗೊತ್ತಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

ಮುನೀರಾ ಸುಳ್ಳು ಧೈರ್ಯ ಹೇಳಲಿಲ್ಲ. "ಏನೂ ಆಗೂದಿಲ್ಲಂತ ನಾ ಹೇಳಾಂಗಿಲ್ರಿ ಕಾಕಾ. ಹಂಗ ಹೇಳಾವರನ್ನ ನಂಬಬ್ಯಾಡ್ರಿ. ಹಡಗ ಬಿಡೂ ಮೊದಲ, ನೀರಾಗ ತೇಲಸೂ ಜಾಕೀಟ ಹೆಂಗ ಕಟ್ಕೋಬೇಕು, ಗಂಟಿ ಬಾರಿಸಿದ್ರ ಎಲ್ಲಿ ಬಂದ್ ನಿಂದರಬೇಕು ಅಂತ ಕಲಸ್ತಾರ. ಬಾಳ ಮಂದಿ ಅದನ್ನ ಬಿಟ್ಟು ಫೋಟೋ ತಕ್ಕೊಳ್ಳಾಕ ಹೋಗ್ತಾರ. ನೀವು ಹೋಗಬ್ಯಾಡ್ರಿ. ನಿಮ್ಮ ಕೈಯಾಗ ಇರೂದು ಅದು."

ಶಿವಯೋಗೆಪ್ಪನವರು ಹೆಂಡತಿಯ ಕಡೆ ತಿರುಗಿ, ಮಡಚಿಟ್ಟ ಸೀರೆ ತೆಗೆ ಎಂದರು.

ಹೊರಡುವ ದಿನ ಬಂತು. ಮುಂಬೈ ಬಂದರಿನಲ್ಲಿ ಹಡಗು ಹತ್ತಿದ ಮೇಲೆ ತರಬೇತಿಗೆ ಕರೆದಾಗ ಅರ್ಧ ಮಂದಿ ಊಟದ ಕಡೆ, ಅರ್ಧ ಮಂದಿ ಸೆಲ್ಫಿಯ ಕಡೆ ಸರಿಯತೊಡಗಿದರು. ಶಿವಯೋಗೆಪ್ಪನವರು ಮಾತ್ರ ಹೆಂಡತಿಯ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಿಂತರು. ಒಮ್ಮೆ ತೋರಿಸಿದ್ದು ಸಾಲದೆಂದು, ತಿಕೋಟಾದ ಹಿಂದಿಯಲ್ಲಿ ಕೇಳಿ ಇನ್ನೊಮ್ಮೆ ತೋರಿಸಿಕೊಂಡರು. ಕೇಸರಿ ಬಣ್ಣದ ಜಾಕೀಟನ್ನು ಮುರಿಗೆವ್ವನ ಸೀರೆಯ ಮೇಲೆ ತೊಡಿಸಿ, ಪಟ್ಟಿ ಬಿಗಿದು, ಬಿಗಿಯಾಯಿತೇ ಎಂದು ಕೇಳಿದರು. ಮುರಿಗೆವ್ವ ತಮ್ಮ ಕೈಯಿಂದ ಗಂಡನ ಜಾಕೀಟು ಕಟ್ಟಿದರು. ಸುತ್ತಲಿನವರು ನೋಡಿ ನಕ್ಕರು, ಆಮೇಲೆ ಒಬ್ಬೊಬ್ಬರೇ ಬಂದು ತಾವೂ ಕಲಿತರು.

ಸಂಜೆ ಹಡಗು ದಡ ಬಿಟ್ಟಿತು. ಊರು ಹಿಂದೆ ಸರಿದು, ನೋಡಿದಷ್ಟೂ ನೀರೇ ಆಯಿತು. ಮುರಿಗೆವ್ವ ಕಂಬಿ ಹಿಡಿದು ನಿಂತಿದ್ದರು. ಗಾಳಿಗೆ ಸೆರಗು ಹಾರುತ್ತಿತ್ತು.

"ಬಾಳ ತಡಾ ಮಾಡಿದೆ" ಎಂದರು ಶಿವಯೋಗೆಪ್ಪ.

"ಬಂದೀವಲ್ರಿ" ಎಂದರು ಮುರಿಗೆವ್ವ.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲಿಯಾದರೂ ಹಡಗೋ ರೈಲೋ ಅಪಘಾತವಾಗಿ, ನೀವು ಬುಕ್ ಮಾಡಿದ ಪ್ರವಾಸ ನೆನಪಾಗಿ ಎದೆ ಝಲ್ಲೆಂದರೆ ಅದರಲ್ಲಿ ನಾಚಿಕೆಯಿಲ್ಲ. ಅಂಜಿಕೆ ಪ್ರೀತಿಯಿದ್ದಲ್ಲೇ ಬರುವುದು. ಆದರೆ ಆ ಅಂಜಿಕೆಯಲ್ಲೇ ಟಿಕೆಟ್ ಹರಿಯಬೇಡಿ, ಅಗ್ಗದ ಆಸೆಯಲ್ಲೇ ಗೊತ್ತಿಲ್ಲದವರಿಗೆ ದುಡ್ಡು ಕಳಿಸಬೇಡಿ. ಯಾವ ಹಡಗು, ಯಾರ ಕಂಪನಿ, ರದ್ದಾದರೆ ಏನು ಎಂದು ಬಾಯಿಬಿಟ್ಟು ಕೇಳಿ. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಬಿಟ್ಟುಬಿಡಿ, ಅದೂ ತಪ್ಪಲ್ಲ. ಒಪ್ಪಿ ಹತ್ತಿದಿರಾದರೆ, ಮೊದಲು ಜಾಕೀಟು ಕಟ್ಟುವುದನ್ನು ಕಲಿಯಿರಿ. ನಿಮ್ಮನ್ನು ನಂಬಿ ಜೊತೆಗೆ ಬಂದವರಿಗೆ ನಿಮ್ಮ ಕೈಯಿಂದಲೇ ಕಟ್ಟಿರಿ. ಕಡಲು ಎಲ್ಲೂ ಹೋಗುವುದಿಲ್ಲ, ಆಮೇಲೆ ನೋಡಿದರಾಯಿತು.